ಮಾಳಿಗೆಯ ಮಣ್ಣು

ಆಳಂದ

ಗುರಣ್ಣನವರಿಗೆ, ನಿಮ್ಮ ಮೇಲಿನ ಮನೆಯ ಬಾಡಿಗೆದಾರಳು ಜೀನತಳ ನಮಸ್ಕಾರ.

ಮನೆಯ ಬಗ್ಗೆ ನನ್ನ ದೂರಿಲ್ಲ. ದೂರು ನಿಮ್ಮ ತಮ್ಮ ಕಲ್ಲಿನಾಥನ ಬಗ್ಗೆ.

ಬದನೆ ಬೆಳೆ ಮುಗಿದ ಮೇಲೆ ಕುಂಡಗಳ ಹಳೆ ಮಣ್ಣನ್ನು ಮಾಳಿಗೆಯಲ್ಲಿ ತಾಡಪತ್ರಿ ಹಾಸಿ ಬಿಸಿಲಿಗೆ ಹರವಿದ್ದೆ. ಬೇರು ಆರಿಸಿ, ಸಗಣಿ ಗೊಬ್ಬರ, ಬೇವಿನ ಹಿಂಡಿ ಬೆರೆಸಿದರೆ ಅದೇ ಮಣ್ಣು ಮೆಂತ್ಯೆಗೆ ಬರುತ್ತದೆ. ಕಲ್ಲಿನಾಥ ಫೋನಿನಲ್ಲಿ ಮಾತಾಡಲು ಮೇಲೆ ಬಂದಾಗಲೆಲ್ಲ ಗುಟಕಾ ಅದರಲ್ಲೇ ಉಗುಳುತ್ತಿದ್ದ. ಉಗುಳಿಗೆ ಮಣ್ಣು ಉಂಡೆಗಟ್ಟಿ ನೊಣ ಮುತ್ತುತ್ತಿದ್ದವು. ಕೇಳಿದ್ದಕ್ಕೆ, "ಮಣ್ಣಿಗಿ ಉಗುಳಿದ್ರ ಏನಾಗ್ತದ ಬೇ?" ಅಂದ.

ನಿನ್ನೆ ನಿಮ್ಮ ತಾಯಿ ಹೀರಾಬಾಯಿಯವರು ಗೊಬ್ಬರ ಬೆರೆಸಿಕೊಡಲು ಬಂದರು. ನಾನು ಬೇಡವೆನ್ನುವಷ್ಟರಲ್ಲಿ ಎರಡೂ ಕೈ ಮಣ್ಣಿಗೆ ಹಾಕಿಬಿಟ್ಟರು. ಹೊರತೆಗೆದಾಗ ಬೆರಳ ಸಂದಿಯಲ್ಲಿ ಕೆಂಪು ಲೋಳೆ ಇತ್ತು. ಮೂಸಿ ನೋಡಿ ಕಲ್ಲಿನಾಥನನ್ನು ಕೂಗಿದರು.

"ಬಾ ಇಲ್ಲಿ. ನನ್ನ ಕೈ ತೊಳಿ."

"ಯವ್ವಾ, ಭಾಳ ಹೊಲಸದ. ನಾ ನೀರು ಹಾಕ್ತೇನಿ, ನೀನ ತೊಳ್ಕೊ."

"ನಿನ್ನ ಬಾಯಾಂದೇ ಅದ. ತೊಳಿ."

ತೊಳೆಯುತ್ತಲೇ ಅವನಿಗೆ ವಾಂತಿಯಾಯಿತು. ಅವರು ಮಾತ್ರ ಕೈ ಹಿಂದಕ್ಕೆಳೆಯಲಿಲ್ಲ. ಆಮೇಲೆ ಅಷ್ಟೂ ಮಣ್ಣನ್ನು ಅವನಿಂದಲೇ ಚೀಲಕ್ಕೆ ತುಂಬಿಸಿ ಊರ ಹೊರಗೆ ಚೆಲ್ಲಿಸಿದರು. ವರ್ಷಗಟ್ಟಲೆ ಹದ ಮಾಡಿದ ಮಣ್ಣು ಹೋಯಿತು.

ಮಾಳಿಗೆಯ ಬಾಗಿಲಿಗೆ ಬೀಗ ಹಾಕಲು ಒಪ್ಪಿಗೆ ಕೊಡಿ. ಒಂದು ಕೀಲಿ ನನ್ನ ಹತ್ತಿರ ಇರಲಿ. ಇನ್ನೊಂದು ನಿಮ್ಮ ತಾಯಿಯ ಹತ್ತಿರ ಇರಲಿ; ಕಲ್ಲಿನಾಥನಿಗೆ ಕೊಡಬಾರದೆಂದು ಅವರೇ ಹೇಳಿದ್ದಾರೆ.

ನಿಮ್ಮ ಉತ್ತರಕ್ಕೆ ಕಾಯುವ,
ಜೀನತ