ಕೆಸರಿನಲ್ಲಿ ನಿಂತ ಹಳದಿ ಕಾಲು

ಮಂಗಳವಾರ, ಸಂಜೆ ನಾಲ್ಕೂ ಹತ್ತು

ಅಪ್ಪಾ,

ಪಕ್ಕದ ಮನೆಯವರು ಗೋಡೆ ಕೊರೆಯುವ ಸದ್ದಿಗೆ ಎಚ್ಚರವಾಯಿತು. ಮಗು ಮಲಗಿದ ಮೇಲೆ ಹತ್ತು ನಿಮಿಷ ಒರಗಿದ್ದೆ, ಅಷ್ಟೇ. ಮೂರು ವಾರದಿಂದ ಬರೆಯಬೇಕೆಂದುಕೊಂಡೂ ಬರೆಯದೇ ಇದ್ದದ್ದಕ್ಕೆ ಕ್ಷಮಿಸಿ. ನನ್ನ ಫೋನ್ ನೀವು ಎತ್ತುವುದಿಲ್ಲ. ಅದಕ್ಕೇ ತಮ್ಮನ ಕೈಯಲ್ಲಿ ಈ ಕಾಗದ. ಆರು ಗಂಟೆಯ ಬಸ್ಸಿಗೆ ಹೊರಡಬೇಕಂತೆ. "ಬೇಗ ಬರಿ ಅಕ್ಕಾ, ನೀನು ಮುಗಿಸೋ ಹೊತ್ತಿಗೆ ನಿನ್ನ ಮಗಳು ಕಾಲೇಜು ಸೇರ್ತಾಳೆ" ಎಂದು ಬಾಗಿಲಲ್ಲೇ ನಿಂತಿದ್ದಾನೆ.

ಮೊಮ್ಮಗಳಿಗೆ ಎರಡು ಹಲ್ಲು ಬಂದಿವೆ. ರಾತ್ರಿಯೆಲ್ಲ ಅಳು. ನಿದ್ದೆ ಅನ್ನುವುದು ನನಗೆ ಮರೆತೇಹೋಗಿದೆ.

ಈ ಬೆಳಗ್ಗೆ ಅವಳನ್ನೆತ್ತಿಕೊಂಡು ಕಡಲಂಚಿನ ಕಟ್ಟೆಗೆ ಹೋಗಿದ್ದೆ. ನೀವು ಹಕ್ಕಿ ಎಣಿಕೆಯ ಪಟ್ಟಿಯಲ್ಲಿ ಬರೆದು, ನಾನು ಗೀಟೆಳೆದು ತೆಗೆದ ಹಕ್ಕಿ ಅಲ್ಲೇ ಇತ್ತು.

ಗುಬ್ಬಿಯಷ್ಟು ಗಾತ್ರದ ಎರಡು ಜಾತಿ. ಒಂದಕ್ಕೆ ಕಪ್ಪು ಕಾಲು, ಇನ್ನೊಂದಕ್ಕೆ ಹಳದಿ. ಕೆಸರು ಮೆತ್ತಿದರೆ ಎರಡೂ ಕಪ್ಪೇ. ಚಿಕ್ಕಂದಿನಲ್ಲಿ ನೀವೇ ಹೇಳಿಕೊಟ್ಟಿರಿ: "ಕಾಲು ಮೋಸ ಮಾಡುತ್ತೆ ಪುಟ್ಟಿ, ಎಲ್ಲಿ ನಿಂತಿದೆ ನೋಡು. ಬಯಲು ಕೆಸರಾದರೆ ಕಪ್ಪುಕಾಲಿಂದು, ಸಿಹಿನೀರಿನ ಹುಲ್ಲಂಚಾದರೆ ಹಳದಿಕಾಲಿಂದು." ಬಯಲು ಕೆಸರಿನಲ್ಲಿ ಹಳದಿಕಾಲಿನದೆಂದು ನೀವು ಬರೆದಾಗ, ಆ ಪಾಠವನ್ನೇ ನಿಮ್ಮ ಮೇಲೆ ತಿರುಗಿಸಿದೆ. ಪಟ್ಟಿಗಳನ್ನು ಪರಿಶೀಲಿಸುವ ನಮ್ಮ ಕಚೇರಿಯಲ್ಲಿ ಎಲ್ಲರೆದುರು "ಅಪ್ಪನಿಗೆ ಈಚೆಗೆ ಕಣ್ಣು ಮಂಜು" ಎಂದು ನಕ್ಕೆ ಕೂಡ. ನೀವು ಕನ್ನಡಕ ಒರೆಸಿಕೊಂಡು ಎದ್ದುಹೋದಿರಿ. ಮರುದಿನ ಕಚೇರಿಗೆ ಬಂದ ನಿಮ್ಮ ಚೀಟಿಯಲ್ಲಿ ಒಂದೇ ಸಾಲು: "ನನ್ನ ಮೂವತ್ತೊಂದು ವರ್ಷದ ದಾಖಲೆಗಳನ್ನೆಲ್ಲ ಪುಸ್ತಕದಿಂದ ತೆಗೆದುಬಿಡಿ."

ಇವತ್ತು ಅದು ನೀರಿಗಿಳಿದು ಮೇಲೆ ಬಂತು. ಹಳದಿ, ಅಪ್ಪಾ. ನಿಚ್ಚಳ ಹಳದಿ. ಕಟ್ಟೆಯಾಚೆಯ ಸಿಹಿನೀರಿನ ಕೆರೆಗೆ ಮಣ್ಣು ತುಂಬಿಬಿಟ್ಟಿದ್ದಾರೆ. ಪಾಪ, ಇನ್ನೆಲ್ಲಿಗೆ ಹೋದೀತು?

ಕಚೇರಿಯ ಹಿರಿಯರಿಗೆ ತಿಳಿಸಿದೆ. "ಹಕ್ಕೀನ ವಾಪಸ್ ಸೇರಿಸ್ತೀನಮ್ಮ. ಆದ್ರೆ ಹಳೇ ದಾಖಲೆ ಉಳಿಸಿ ಅಂತ ನೀನು ಹೇಳಿದ್ರೆ ಆಗಲ್ಲ, ನಿಮ್ಮಪ್ಪನೇ ಹೇಳಬೇಕು. ನಾಳೆ ಬೆಳಗ್ಗೆ ಎಣಿಕೆ ಪುಸ್ತಕ ಅಚ್ಚಿಗೆ ಹೋಗುತ್ತೆ" ಎಂದರು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮೊಮ್ಮಗಳನ್ನು ಹರಸಿ, ನನ್ನನ್ನು ಬೈದರೂ ಪರವಾಗಿಲ್ಲ.

ನಿಮ್ಮ
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ದಿನ ಮಗು ಮಡಿಲಲ್ಲಿ ಚೀರುತ್ತಿತ್ತು. ನಿಮ್ಮ ಹಾಳೆಯ ಮೊದಲ ಸಾಲು ನೋಡಿ ಗೀಟೆಳೆದೆ, ಹಿಂಬದಿ ತಿರುವಲೇ ಇಲ್ಲ. ಇವತ್ತು ತಿರುವಿದೆ. "ಕೆರೆ ಮುಚ್ಚಿದ್ದಾರೆ, ಅದಕ್ಕೇ ಕೆಸರಿಗೆ ಬಂದಿದೆ. ಕಾಲು ತೊಳೆದುಕೊಳ್ಳುವವರೆಗೆ ಎರಡು ಗಂಟೆ ಕಾದೆ. ಹಳದಿಯೇ. ಪುಟ್ಟಿಗೆ ತೋರಿಸಬೇಕು" ಎಂದು ಬರೆದಿದ್ದಿರಿ. ಅಪ್ಪಾ, ಬೆಳಗಾಗುವುದರೊಳಗೆ ಫೋನ್ ಮಾಡಿ. ಎಷ್ಟು ಹೊತ್ತಾದರೂ ಸರಿ, ನಾನು ಎದ್ದೇ ಇರುತ್ತೇನೆ. ಮಾಡಿ ಅಪ್ಪಾ.