ಜೇಬಿನಲ್ಲಿದ್ದ ಟೇಪು

ಗಾಂಗ್‌ನ್ಯೂಂಗ್, ನೆಲದಡಿಯ ರಿಂಕ್
ಕ್ರಿ.ಶ. 2207, ಹದಿಮೂರನೆಯ ತಿಂಗಳ ಒಂಬತ್ತು, ಬುಧವಾರ

ಇನ್ನೂ ಹನ್ನೆರಡೇ ತಿಂಗಳಿರುವ ಕಾಲದವರೇ,

ತಾರೀಖು ನೋಡಿ ನಕ್ಕಿರಬಹುದು. ಬೇಸಿಗೆ ಉದ್ದವಾಗುತ್ತ ಹೋದಂತೆ ನಮ್ಮವರು ಉಳಿದ ತಿಂಗಳುಗಳನ್ನು ಹಿಸುಕಿ ಒಂದು ಕಾವುಮಾಸವನ್ನು ತುರುಕಿದರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಬರೆದದ್ದು ಕೊರಿಯನ್ ಭಾಷೆಯಲ್ಲಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಮ್ಮುಖ ಅಂಚೆಯ ಯಂತ್ರ ಅದನ್ನು ಓದುವವರ ಭಾಷೆಗೆ ಹೊರಳಿಸುತ್ತದೆ. ಹಿರಿಯ ಆಟಗಾರನನ್ನು ನಾವು ಕರೆಯುವ ಪದ ನಿಮ್ಮಲ್ಲಿ ‘ಅಣ್ಣ’ ಎಂದಾಗಿರಬೇಕು. ಇರಲಿ, ಹತ್ತಿರವೇ.

ನನ್ನ ಹೆಸರು ತಾಕ್ ಇಹ್ಯೊನ್. ಹದಿನಾಲ್ಕು ವರ್ಷಗಳಿಂದ ಐಸ್ ಹಾಕಿಯಲ್ಲಿ ಡಿಫೆಂಡರ್. ಗೋಲು ಹೊಡೆಯುವವರ ಹೆಸರನ್ನು ಜನ ಕೂಗುತ್ತಾರೆ. ಹಾರಿ ಬರುವ ರಬ್ಬರ್ ಬಿಲ್ಲೆಗೆ ಮೈಯೊಡ್ಡುವ ನಮ್ಮ ಹೆಸರು ಮೂಳೆ ವೈದ್ಯರಿಗೇ ಹೆಚ್ಚು ಗೊತ್ತು. ಹೊರಗೆ ನೆರಳಿನಲ್ಲೂ ಐವತ್ತು ಡಿಗ್ರಿ. ದೇಶದಲ್ಲಿ ಉಳಿದಿರುವ ಈ ಒಂದೇ ಮಂಜುಗಡ್ಡೆಯ ಅಂಗಳದಲ್ಲಿ ದಿನವಿಡೀ ಆಡಬೇಕಾದರೆ ರಕ್ತವನ್ನು ಚಳಿಗೆ ಒಗ್ಗಿಸಬೇಕು. ಅದಕ್ಕೆ ಶೀತಬಂಧ ಎನ್ನುತ್ತೇವೆ. ಮೊದಲೆಲ್ಲ ವರ್ಷಕ್ಕೊಂದು ತಿಂಗಳು ಮನೆಗೆ ಹೋಗಬಹುದಿತ್ತು. ಬಂಧ ಬಲಿತಂತೆ ಅದೂ ನಿಂತಿತು. ಈಗ ಹೊರಗಿನ ಗಾಳಿಯಲ್ಲಿ ಹತ್ತು ನಿಮಿಷ ನಿಂತರೆ ಕುಸಿಯುತ್ತೇನೆ. ಇಲ್ಲಿ ಹಾಸಿಗೆ ತಣ್ಣಗೆ, ಬಟ್ಟೆ ತಣ್ಣಗೆ, ಹುಟ್ಟುಹಬ್ಬಕ್ಕೆ ಕುಡಿಯುವ ಕಡಲಸೊಪ್ಪಿನ ಸಾರೂ ತಣ್ಣಗೆ. ಮಗಳು ಸೊಬಿನ್ ಭಾನುವಾರ ಗಾಜಿನಾಚೆ ಬಂದು ಕೂರುತ್ತಾಳೆ. ಮೂರು ತಿಂಗಳ ಕೂಸಾಗಿದ್ದಾಗ ಎತ್ತಿಕೊಂಡದ್ದೇ ಕೊನೆ. ಈಗ ಅವಳಿಗೆ ಏಳು ವರ್ಷ.

ಬಂಧವನ್ನು ಬಿಡಿಸಬಹುದು, ಮೂವತ್ಮೂರು ತುಂಬುವುದರೊಳಗೆ. ಆಮೇಲೆ ಹೃದಯ ತಾಳುವುದಿಲ್ಲ. ನನಗೆ ಅಷ್ಟು ತುಂಬುವುದು ನಾಳೆ.

ತಂಡ ಬಿಟ್ಟು ಹೋಗುವುದಕ್ಕೊಂದು ಪದ್ಧತಿಯಿದೆ. ಡಿಫೆಂಡರ್‌ಗಳು ಜೋಡಿಯಾಗಿ ಆಡುತ್ತಾರೆ. ಹೋಗುವವನು ತನ್ನ ಹಾಕಿ ಕೋಲಿಗೆ ಹಿಡಿತಕ್ಕಾಗಿ ಸುತ್ತಿದ ಹಳೆಯ ಟೇಪನ್ನು ಬಿಚ್ಚಿ, ಬರಿಗೋಲನ್ನು ಕಿರಿಯ ಜೊತೆಗಾರನ ಮುಂದಿಟ್ಟು, ಸುತ್ತಿಕೊಡು ಎಂದು ಕೇಳಬೇಕು. ಅವನು ಹೊಸ ಟೇಪು ಸುತ್ತಿದರೆ ಬಿಡುಗಡೆ. ಆಡಳಿತದವರಿಗೂ ಅದೇ ಸಹಿ. ಹಿರಿಯ ಎರಡನೇ ಸಲ ಕೇಳುವಂತಿಲ್ಲ, ಕೇಳಿದರೆ ಮಾನ ಬಿಟ್ಟಂತೆ. ಕೇಳದೆ ಕಿರಿಯ ಸುತ್ತುವಂತಿಲ್ಲ, ಸುತ್ತಿದರೆ ಹಿರಿಯನನ್ನು ಕತ್ತು ಹಿಡಿದು ನೂಕಿದಂತೆ.

ಹನ್ನೊಂದು ವರ್ಷಗಳ ಹಿಂದೆ, ಆಗ ನನ್ನ ಜೋಡಿಯಾಗಿದ್ದ ಮ್ಯೆಂಗ್ ಅಣ್ಣ ಬರಿಗೋಲನ್ನು ನನ್ನ ಮುಂದಿಟ್ಟರು. ಫೈನಲ್ ಹತ್ತಿರವಿತ್ತು, ನನಗೆ ಭಯ. ಇನ್ನೊಂದು ಸೀಸನ್ ಇರಿ ಎಂದೆ. ಅವರು ತಲೆಯಾಡಿಸಿ ಕೋಲನ್ನು ಎತ್ತಿಕೊಂಡರು. ಎಂಟು ದಿನಕ್ಕೆ ಅವರಿಗೆ ಮೂವತ್ಮೂರು ದಾಟಿತು. ಈಗ ಇಲ್ಲೇ ಮಂಜುಗಡ್ಡೆ ಹೆರೆಯುವ ಯಂತ್ರ ಓಡಿಸುತ್ತಾರೆ, ಸಾಯುವವರೆಗೂ ಇಲ್ಲೇ. ನನ್ನನ್ನು ಒಮ್ಮೆಯೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಳೆದ ಶನಿವಾರ ನಾನು ನನ್ನ ಬರಿಗೋಲನ್ನು ಈಗಿನ ಜೋಡಿ, ಇಪ್ಪತ್ತೊಂದರ ಬೊಂಗ್ ಸೆರ್ಯುನ್‌ನ ಮುಂದಿಟ್ಟೆ. ಅವನು ನೆಲ ನೋಡುತ್ತ, ಇನ್ನೊಂದು ಸೀಸನ್ ಎಂದ. ಬಿತ್ತಿದಂತೆ ಬೆಳೆ ಎಂದುಕೊಂಡು ನಾನೂ ಕೋಲನ್ನು ಎತ್ತಿಕೊಂಡೆ.

ಇವತ್ತು ಬೆಳಿಗ್ಗೆ ಮ್ಯೆಂಗ್ ಅಣ್ಣ ನನ್ನ ಪಕ್ಕದಲ್ಲಿ ಯಂತ್ರ ನಿಲ್ಲಿಸಿ, ಮೊದಲ ಬಾರಿಗೆ ಆ ದಿನದ ಮಾತೆತ್ತಿದರು.

“ಅವತ್ತು ನಾನು ಇನ್ನೊಂದ್ಸಲ ಕೇಳಿದ್ರೆ ಸುತ್ತಿಕೊಡ್ತಿದ್ಯಾ?”

ಸುಳ್ಳು ಹೇಳಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ನನ್ನಿಂದಾಗಲಿಲ್ಲ.

“ಮಾರನೇ ದಿನದಿಂದ ಟೇಪ್ ಜೇಬಲ್ಲೇ ಇಟ್ಕೊಂಡಿದ್ದೆ ಅಣ್ಣ. ನೀವು ಕೇಳ್ತೀರೇನೋ ಅಂತ ಕಾಯ್ತಿದ್ದೆ.”

ಅವರು ಯಂತ್ರದ ಹಿಡಿಕೆಯ ಮೇಲಿನ ಮಂಜನ್ನು ಕೈಯಿಂದ ಒರೆಸಿದರು. ಆಮೇಲೆ, “ನೀನಾಗೇ ಸುತ್ತಿಕೊಡ್ತೀಯೇನೋ ಅಂತ ನಾನೂ ಕಾಯ್ತಿದ್ದೆ” ಎಂದು ಯಂತ್ರ ಹೊರಡಿಸಿದರು.

ನೇರವಾಗಿ ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಇಡೀ ತಂಡದ ಎದುರು ಬರಿಗೋಲನ್ನು ಸೆರ್ಯುನ್‌ನ ಮುಂದಿಟ್ಟು, ಎರಡನೇ ಸಲ ಕೇಳಿದೆ. ನನ್ನ ಮಾನ ಹೋಯಿತೆಂದು ಎಲ್ಲರೂ ತಲೆ ತಗ್ಗಿಸಿದರು. ಸೆರ್ಯುನ್ ಅಳುಮುಖ ಮಾಡಿಕೊಂಡು ಜೇಬಿಗೆ ಕೈ ಹಾಕಿದ. ಟೇಪಿನ ಸುರುಳಿ ಭಾನುವಾರದಿಂದಲೂ ಅಲ್ಲೇ ಇತ್ತಂತೆ.

ಸಂಜೆ ವೈದ್ಯರು ಬಂಧ ಬಿಡಿಸುತ್ತಾರೆ. ನಿಮ್ಮಲ್ಲೊಂದು ಬೇಡಿಕೆ: ಯಾರಾದರೂ ಒಮ್ಮೆ ಕೇಳಿ ಸುಮ್ಮನಾಗಿದ್ದರೆ, ಇನ್ನೊಮ್ಮೆ ಕೇಳಲು ಹೇಳಿ. ಮಾನದ ಮಾತು ಆಮೇಲೆ.

ನಾಳೆ ಮಗಳು ಬಾಗಿಲಾಚೆ ನಿಂತಿರುತ್ತಾಳೆ. ನಾನು ದಾಟಿದ ಮೇಲೆ ಆ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳುವವರು ಮ್ಯೆಂಗ್ ಅಣ್ಣ. ಅವರಿಗೆ ಏನು ಹೇಳಿ ಹೊರಡಬೇಕೋ ನನಗೆ ತಿಳಿಯುತ್ತಿಲ್ಲ.

ಇಂತಿ,
ತಾಕ್ ಇಹ್ಯೊನ್