ನಾನು ಕಟ್ಟಿಕೊಟ್ಟ ಬೇರಿನ ಕಷಾಯ

ನನ್ನ ಪನ್ಸಿಗೆ,

ಪತ್ರಿಕೆಯವರಿಗೆ ನೀನು ಟಶೋಯಾ. ನನಗೆ ನೀನು ಅಂಬೆಗಾಲಿಡುವಾಗ ನಾನೇ ಇಟ್ಟ ಹೆಸರು ಸಾಕು. ನಿನ್ನೆ ಫೋನಿನಲ್ಲಿ ನಾನು ನಕ್ಕೆನೋ ಅತ್ತೆನೋ ನಿನಗೆ ತಿಳಿದಿರಲಿಕ್ಕಿಲ್ಲ, ನನಗೇ ತಿಳಿಯಲಿಲ್ಲ. ಹೇಳದೆ ಉಳಿದದ್ದನ್ನು ಈಗ ಸಂತೆಯಲ್ಲಿ ನಾನು ಮಾರುವ ಹಳದಿ ಗೆಣಸಿನ ರಾಶಿಯ ಪಕ್ಕ ಕೂತು ಬರೆಯುತ್ತಿದ್ದೇನೆ.

ನಿನಗೆ ಹದಿನೈದಾಗಿದ್ದಾಗ ಶಾಲೆಗಳ ಚಾಂಪ್ಸ್ ಕ್ರೀಡಾಕೂಟದಲ್ಲಿ ನೂರು ಮೀಟರ್ ಗೆದ್ದೆಯಲ್ಲ, ಆ ವರ್ಷದಿಂದ ಶುರುವಾದ ಪದ್ಧತಿ ಇದು. ನೀನು ಪರದೇಶಕ್ಕೆ ಓಡಲು ಹೊರಟಾಗಲೆಲ್ಲ ನಾನು ಎರಡು ದಿನ ಸೌದೆ ಒಲೆಯ ಮುಂದೆ ಕೂತು ಬೇರು ಕುದಿಸಿ, ಕಾಕಂಬಿ ಬೆರೆಸಿ, ಬಾಟಲಿ ತುಂಬಿ ನಿನ್ನ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ನೀನು ಖಾಲಿ ಬಾಟಲಿ ತಂದುಕೊಟ್ಟು, ಕಾಲಿಗೆ ಬೆಂಕಿ ಹತ್ತಿದ ಹಾಗಿತ್ತು ಅಜ್ಜಿ ಎನ್ನುತ್ತಿದ್ದೆ. ಕಿರಿಯರ ಕೂಟದಲ್ಲಿ ಚಿನ್ನ ಬಂದಾಗ ನನ್ನ ಕಷಾಯ ಗೆದ್ದಿತೆಂದು ಊರಿಗೆಲ್ಲ ಸಾರಿದೆ. ಹಿರಿಯರ ಮೊದಲ ಕೂಟದಲ್ಲಿ ನೀನು ನಾಲ್ಕನೆಯವಳಾದಾಗ, ವಿಮಾನದಲ್ಲಿ ಬಾಟಲಿ ಒಡೆದದ್ದೇ ಕಾರಣ ಎಂದೆ ನಾನು. ಎರಡು ವರ್ಷದ ಮೇಲೆ ಕಂಚು ಬಂದಾಗ ಕೇಳಬೇಕೆ, ಒಂದು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ.

ಈ ಸಲ ಹೊರಡುವ ದಿನ ನೀನು ಕೆಮ್ಮುತ್ತಿದ್ದೆ. ನಾನು ಔಷಧಿ ಅಂಗಡಿಯಿಂದ ಕೆಂಪು ಸಿರಪ್ ತಂದು, ಶೀಶೆ ಪೂರ್ತಿ ಕಷಾಯಕ್ಕೆ ಸುರಿದೆ. ಹೇಳಿದರೆ ಬೇಡ ಎನ್ನುತ್ತೀಯೆಂದು ಹೇಳಲಿಲ್ಲ. ನನ್ನ ಬುದ್ಧಿ ಅಷ್ಟೇ.

ಶನಿವಾರ ಬೆಳಿಗ್ಗೆ ನಮ್ಮ ಬೀದಿಯ ಎನಿಡ್‌ಳ ಅಂಗಡಿಯ ಟೀವಿಯಲ್ಲಿ ನಿಮ್ಮ ರಿಲೇ ನೋಡಿದೆವು. ನೀನು ಮೂರನೆಯ ಪಾಳಿಯಲ್ಲಿ ತಿರುವು ಓಡಿ ಬೇಟನ್ ಕೊಟ್ಟದ್ದು, ಚಿನ್ನ ಬಂದದ್ದು, ಬೀದಿಯ ಹೆಂಗಸರೆಲ್ಲ ಪಾತ್ರೆ ಮುಚ್ಚಳ ಬಡಿಯುತ್ತ ಕುಣಿದದ್ದು ನಿನಗೆ ಗೊತ್ತೇ ಇದೆ. ಸೋಮವಾರ ರೇಡಿಯೋದಲ್ಲಿ ಬಂತು: ನಮ್ಮ ದ್ವೀಪಗಳ ಕಡೆಯ ಓಟಗಾರ್ತಿಯೊಬ್ಬಳು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದಾಳೆ, ಹೆಸರು ಆಮೇಲೆ ಹೇಳುತ್ತಾರೆ, ಸಿಕ್ಕಿದ್ದು ನೆಗಡಿಯ ಔಷಧಿಯಲ್ಲಿರುವ ಯಾವುದೋ ವಸ್ತು. ಖಾಲಿ ಸಿರಪ್ ಶೀಶೆ ಹಿಡಿದು ಔಷಧಿ ಅಂಗಡಿಗೆ ಓಡಿದೆ. ಅಂಗಡಿಯವನು ಕನ್ನಡಕ ಏರಿಸಿ ಓದಿ, "ಓಡೋರು ಇದನ್ನ ಮುಟ್ಟೋ ಹಾಗೇ ಇಲ್ಲ, ಮಿಸ್ ಐಯೋನಿ," ಅಂದ.

ಮೂರು ದಿನ ಅನ್ನ ಸೇರಲಿಲ್ಲ. ನಿನ್ನ ಚಿನ್ನ, ಆ ಮೂವರು ಹುಡುಗಿಯರ ಚಿನ್ನ, ನಿನ್ನ ಒಂಬತ್ತು ವರ್ಷದ ಹೆಸರು, ಎಲ್ಲವನ್ನೂ ನನ್ನ ಕೈಯಾರೆ ಬಾಟಲಿಗೆ ಸುರಿದೆನಲ್ಲ. ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಬಾಗಿಲು ಹಾಕಿಕೊಂಡು ಕೂತೆ. ಚಿನ್ನ ಬಂದ ಮೇಲೆ ಐಯೋನಿಗೆ ನಾವೆಲ್ಲ ಕಣ್ಣಿಗೇ ಕಾಣುವುದಿಲ್ಲ ಎಂದು ಎನಿಡ್ ಬೀದಿಯಲ್ಲೇ ಆಡಿಕೊಂಡಳು. ತಪ್ಪು ನನ್ನದು, ನನ್ನನ್ನು ಜೈಲಿಗೆ ಹಾಕಿ ಎಂದು ಅಧಿಕಾರಿಗಳಿಗೆ ಬರೆಯಲು ಕಾಗದವನ್ನೂ ತಂದಿಟ್ಟಿದ್ದೆ. ಕೊನೆಗೆ ನಿನ್ನೆ ತಡೆಯಲಾಗದೆ ನಿನಗೇ ಫೋನ್ ಮಾಡಿ ಎಲ್ಲ ಹೇಳಿದೆ.

"ಬಯ್ಯಬೇಡ ಅಜ್ಜಿ. ಅದನ್ನ ನಾನು ಒಂದ್ ತೊಟ್ಟೂ ಕುಡಿದಿಲ್ಲ."

"ಈ ಸಲಾನಾ?"

"ಯಾವ್ ಸಲಾನೂ ಇಲ್ಲ."

ಹೆತ್ತತಾಯಿ ಕೊಟ್ಟರೂ ಗೊತ್ತಿಲ್ಲದ್ದನ್ನು ನುಂಗಬೇಡ ಎಂಬುದು ಕೋಚ್ ಬೆಕ್‌ಫರ್ಡ್ ಕಲಿಸಿದ ಮೊದಲ ಪಾಠವಂತೆ. ಒಡೆದ ಆ ಒಂದು ಸಲ ಬಿಟ್ಟು ಪ್ರತಿಸಲವೂ ಹೋಟೆಲಿನ ಬಚ್ಚಲಿಗೆ ಸುರಿದು ಬಾಟಲಿ ತೊಳೆದಿಡುತ್ತಿದ್ದೆಯಂತೆ. ಸಿಕ್ಕಿಬಿದ್ದವಳು ಬೇರೆ ದ್ವೀಪದವಳಂತೆ. ಆ ಹುಡುಗಿಗೂ ಒಬ್ಬಳು ಅಜ್ಜಿ ಇರಬಹುದು, ಪಾಪ.

ಗೆಣಸಿನ ಮೂಟೆಯ ಮೇಲೆ ಕೂತೆ. ದೇವರಿಗೆ ಗಟ್ಟಿಯಾಗಿಯೇ ಸ್ತೋತ್ರ ಹೇಳಿದೆ. ಆಮೇಲೆ ಸಿಟ್ಟು ಬಂತು ನೋಡು! ಒಂಬತ್ತು ವರ್ಷ ನನ್ನ ಮುಖ ನೋಡುತ್ತ ಸುಳ್ಳು ಹೇಳಿದೆಯಲ್ಲೇ ಕಳ್ಳಿ. ಎರಡೆರಡು ದಿನ ಹೊಗೆ ಕುಡಿದವಳು ನಾನು. ಆದರೆ ಸಿಟ್ಟು ನಿಲ್ಲಲಿಲ್ಲ. ನೀನು ನಾಲ್ಕನೆಯವಳಾದ ವರ್ಷ ತೊಡೆಯ ಸ್ನಾಯು ಹರಿದಿತ್ತೆಂದು ನಿನ್ನೆಯಷ್ಟೇ ಬಾಯಿಬಿಟ್ಟೆ. ನಾನು ಊರ ತುಂಬ ಒಡೆದ ಬಾಟಲಿಯ ಕಥೆ ಹೇಳುತ್ತಿದ್ದಾಗ ಪಕ್ಕದಲ್ಲೇ ನಿಂತು ನಗುತ್ತಿದ್ದೆಯಲ್ಲ ಮಗಳೇ. ನಿನ್ನ ಗೆಲುವಿನಲ್ಲೂ ಸೋಲಿನಲ್ಲೂ ನಾನು ಅರ್ಧ ಪಾಲು ಹೊಡೆದಿದ್ದೆ. ನೀನು ತಕರಾರು ತೆಗೆಯಲಿಲ್ಲ.

ಇವತ್ತು ಬೆಳಿಗ್ಗೆ ಎನಿಡ್‌ಳ ಅಂಗಡಿಯಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡೆ, ಹುಡುಗಿ ಬರೀ ತನ್ನ ಕಾಲಿನ ಬಲದಲ್ಲಿ ಓಡಿದ್ದಾಳೆ ಎಂದು. ಯಾರಿಗೂ ಆಶ್ಚರ್ಯವಾಗಲಿಲ್ಲ. ಎನಿಡ್ ಅಕ್ಕಿ ಅಳೆಯುತ್ತಲೇ, "ಅದು ನಮ್ಗೆ ಯಾವತ್ತೋ ಗೊತ್ತು. ನಿನ್ ಕಷಾಯ ಈ ಊರಲ್ಲಿ ಯಾರ್ ಕುಡಿದಿದಾರೆ ಹೇಳು?" ಅಂದಳು.

ಬೇಗ ಬಾ. ಬಂದಾಗ ನಿನಗೆ ಏನು ಬೇಕೋ ನೀನೇ ಅಡಿಗೆ ಮಾಡಿಕೊ, ನಾನು ಕೂತು ನೋಡುತ್ತೇನೆ. ದೇವರು ನಿನ್ನ ಕಾಲುಗಳನ್ನು ಎಲ್ಲರ ಕಣ್ಣಿನಿಂದ ಕಾಯಲಿ, ನನ್ನ ಕೈಯಿಂದಲೂ ಕಾಯಲಿ.

ನಿನ್ನ ಅಜ್ಜಿ,
ಐಯೋನಿ